ಜನಮತ ಬೇಕು, ಆದರೆ ಹಕ್ಕುಗಳ ಮೇಲಲ್ಲ

ಪ್ರಜೆಗಳೇ ಸಹಿ ಸಂಗ್ರಹಿಸಿ ಪ್ರಸ್ತಾಪವೊಂದನ್ನು ನೇರವಾಗಿ ಮತಕ್ಕೆ ಹಾಕುವ ಹಕ್ಕು ನಮ್ಮಲ್ಲೂ ಬರಬೇಕೆಂಬ ವಾದವಿದೆ. ಸ್ವಿಟ್ಝರ್‌ಲ್ಯಾಂಡಿನಲ್ಲಿ 18 ತಿಂಗಳೊಳಗೆ ಒಂದು ಲಕ್ಷ ಸಹಿ ಸಂಗ್ರಹವಾದರೆ ಸಂವಿಧಾನದ ತಿದ್ದುಪಡಿಯೇ ಮತಕ್ಕೆ ಬರುತ್ತದೆ. ಜಾನುವಾರುಗಳ ಕೊಂಬು ಉಳಿಸುವ ರೈತರಿಗೆ ಸಹಾಯಧನ ನೀಡಬೇಕೆಂಬ ಪ್ರಸ್ತಾಪವೂ 2018ರಲ್ಲಿ ಹೀಗೆಯೇ ಬಂದು ಸೋತಿತು. ಇದನ್ನು ಕೇಳಿ ನಾವು ನಗಬಹುದು. ಆದರೆ 2009ರ ನವೆಂಬರ್ 29ರಂದು ಅದೇ ದಾರಿಯಲ್ಲಿ, ಶೇ. 57.5 ಮತಗಳಿಂದ, ಮಸೀದಿಗಳಿಗೆ ಹೊಸ ಮಿನಾರ ಕಟ್ಟುವುದನ್ನು ನಿಷೇಧಿಸಲಾಯಿತು. ಆಗ ಇಡೀ ದೇಶದಲ್ಲಿದ್ದುದು ನಾಲ್ಕೇ ಮಿನಾರಗಳು!

ನಮ್ಮ ನಿಲುವು ಸ್ಪಷ್ಟ. ನೀರು, ಭೂಮಿ, ಮದ್ಯದಂಗಡಿಗಳ ಬಗ್ಗೆ ಜನರನ್ನು ಕೇಳಲಿ. ಒಬ್ಬರ ಆರಾಧನೆಯ ಹಕ್ಕನ್ನು ಇನ್ನೊಬ್ಬರ ಮತಕ್ಕೆ ಒಡ್ಡುವುದು ಬೇಡ. 2013ರಲ್ಲಿ ಒಡಿಶಾದ ನಿಯಮಗಿರಿಯ 12 ಗ್ರಾಮಸಭೆಗಳು ಬಾಕ್ಸೈಟ್ ಗಣಿಗಾರಿಕೆಯನ್ನು ತಿರಸ್ಕರಿಸಿದವು. ಮಹಾರಾಷ್ಟ್ರದ ಮಹಿಳೆಯರು ಮತ ಹಾಕಿ ಮದ್ಯದಂಗಡಿ ಮುಚ್ಚಿಸಿದ್ದಾರೆ. ಜನಮತದ ಸರಿಯಾದ ಬಳಕೆ ಇದು.

ಕರ್ನಾಟಕದಲ್ಲೂ ಪಂಚಾಯತ್‌ರಾಜ್ ಕಾನೂನಿನಂತೆ ಎರಡು ಗ್ರಾಮಸಭೆಗಳ ನಡುವೆ ಆರು ತಿಂಗಳಿಗಿಂತ ಹೆಚ್ಚು ಅಂತರವಿರಕೂಡದು. ಕೇಳುವ ಹಕ್ಕು ಅಲ್ಲಿ ಈಗಾಗಲೇ ಇದೆ. ಕೇಳುವವರೆಲ್ಲಿ? ಪರಸ್ಪರ ಸಮಾಲೋಚನೆಯ ಹೆಸರನ್ನೇ ಹೊತ್ತ 'ಅಶ್ಶೂರಾ' ಅಧ್ಯಾಯವನ್ನು ಓದುವ ನಾವು ಸಭೆಯ ದಿನ ಮನೆಯಲ್ಲಿ ಕುಳಿತರೆ, ನಮ್ಮ ಮಹಿಳೆಯರನ್ನು ಹೊರಗಿಟ್ಟರೆ, ಯಾರನ್ನು ದೂರೋಣ?

1930ರ ದಂಡಿಯಾತ್ರೆಯಲ್ಲಿ ಗಾಂಧೀಜಿಯವರೊಂದಿಗೆ ನಡೆದ ಮೈಲಾರ ಮಹಾದೇವಪ್ಪನವರು ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನವರು. ನಾಡಿನ ಪ್ರಶ್ನೆಗೆ ಅವರು ಅಷ್ಟು ದೂರ ಹೋದರು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಲ್ಲಿ ನೆಲೆಸಿ ಹಳ್ಳಿಯಲ್ಲಿ ಬೇರು ಉಳಿಸಿಕೊಂಡಿರುವ ನಮ್ಮ ಕುಟುಂಬಗಳು ಮುಂದಿನ ಗ್ರಾಮಸಭೆಗೆ ತಮ್ಮವರನ್ನು ಕಳುಹಿಸಲಿ. ಊರಿನ ನೀರಿಗಾಗಿ, ಶಾಲೆಗಾಗಿ ಎಲ್ಲರೊಂದಿಗೆ ದನಿಗೂಡಿಸಲಿ.