ಹಿಡಿಯುವಾಗ ಇರುವ ನೆಟ್‌ವರ್ಕ್ ಬಿಡುವಾಗ ಏಕಿಲ್ಲ?

‘ಕಂಪ್ಯೂಟರಿನಲ್ಲಿ ವಾರಂಟ್ ಇತ್ತು, ಹಿಡಿದೆವು. ಅದು ರದ್ದಾಗಿತ್ತೆಂದು ನಮಗೇನು ಗೊತ್ತು?’ ತಪ್ಪಾಗಿ ಬಂಧಿತನಾದವನು ಠಾಣೆಯ ಬೆಂಚಿನ ಮೇಲೆ ಕೂತು ಇಷ್ಟು ಉತ್ತರ ಕೇಳಿಸಿಕೊಂಡು ಸುಮ್ಮನಾಗಬೇಕು ಎನ್ನುವವರು ಹೆಚ್ಚುತ್ತಿದ್ದಾರೆ. ಕೋರ್ಟಿನ ಕಾಗದಗಳೆಲ್ಲ ಎಲೆಕ್ಟ್ರಾನಿಕ್ ಆಗುತ್ತಿರುವಾಗ ಪರದೆಯನ್ನು ನಂಬಿದ ಪೊಲೀಸರಿಗೆ ಕಾನೂನಿನ ರಕ್ಷಣೆ ಬೇಕಂತೆ. ಬೇಡ ಎನ್ನುತ್ತೇನೆ ನಾನು. ಈಗ ಇರುವ ರಕ್ಷಣೆಯೇ ಮಿತಿ ಮೀರಿದೆ.

ಲೆಕ್ಕ ಹಾಕಿ ನೋಡಿ. ಕೋರ್ಟಿನ ವಾರಂಟ್ ಜಾರಿ ಮಾಡಿದವರ ಮೇಲೆ ಸಿವಿಲ್ ದಾವೆ ಹೂಡುವಂತಿಲ್ಲ ಎನ್ನುವ ಕಾನೂನು ಕಂಪನಿ ಸರ್ಕಾರದ ಕಾಲದ್ದು, 1850ರದ್ದು. 1861ರ ಪೊಲೀಸ್ ಕಾಯ್ದೆ ವಾರಂಟನ್ನು ತೋರಿಸಿ ಪಾರಾಗಲು ಪ್ರತ್ಯೇಕ ಸೆಕ್ಷನ್ನನ್ನೇ ಇಟ್ಟಿತು. ಸಂಗತಿಯನ್ನು ತಪ್ಪು ತಿಳಿದು, ಕಾನೂನಿಗೆ ಬದ್ಧನೆಂದು ಸದ್ಭಾವನೆಯಿಂದ ನಂಬಿ ಮಾಡಿದ ಕೃತ್ಯ ಅಪರಾಧವಲ್ಲ ಎಂದು ಭಾರತೀಯ ನ್ಯಾಯ ಸಂಹಿತೆಯ 14ನೇ ಸೆಕ್ಷನ್ ಹೇಳುತ್ತದೆ. ಇದರ ಮೇಲೆ ನಮ್ಮದೇ ಕರ್ನಾಟಕ ಪೊಲೀಸ್ ಕಾಯ್ದೆ, 1963ರ 170ನೇ ಸೆಕ್ಷನ್: ಸರ್ಕಾರದ ಅನುಮತಿ ಇಲ್ಲದೆ ಪೊಲೀಸರ ಮೇಲೆ ಮೊಕದ್ದಮೆ ನಡೆಯದು. ಅಧಿಕಾರಿ ಎಲ್ಲೆ ಮೀರಿದ್ದರೂ ಆ ಕೃತ್ಯಕ್ಕೆ ಕರ್ತವ್ಯದ ನಂಟು ಇದ್ದರೆ ಅನುಮತಿ ಬೇಕೇ ಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಕರ್ನಾಟಕದ ಪ್ರಕರಣವೊಂದರಲ್ಲೇ ಹೇಳಿಬಿಟ್ಟಿದೆ. ಇಷ್ಟು ಕವಚ ತೊಟ್ಟವರಿಗೆ ಇನ್ನೊಂದು ಕವಚ ಹೊಲಿಸಬೇಕೆ?

ರಕ್ಷಣೆ ಕೇಳುವವರ ವಾದವೆಲ್ಲ ನಿಂತಿರುವುದು ‘ಸದ್ಭಾವನೆ’ ಎಂಬ ಒಂದೇ ಪದದ ಮೇಲೆ. ಆ ಪದಕ್ಕೆ ಕಾನೂನು ಕೊಟ್ಟಿರುವ ಅರ್ಥವನ್ನು ಮಾತ್ರ ಯಾರೂ ಓದಿ ಹೇಳುವುದಿಲ್ಲ. ತಕ್ಕ ಎಚ್ಚರಿಕೆ ಮತ್ತು ಗಮನ ಇಲ್ಲದೆ ಮಾಡಿದ ಯಾವುದೂ ಸದ್ಭಾವನೆಯಿಂದ ಮಾಡಿದ್ದಾಗದು ಎಂದು ಹಳೆಯ ದಂಡ ಸಂಹಿತೆಯ 52ನೇ ಸೆಕ್ಷನ್ ಹೇಳಿತ್ತು. ಹೊಸ ಸಂಹಿತೆಯೂ ಅದನ್ನೇ ಉಳಿಸಿಕೊಂಡಿದೆ. ಮನಸ್ಸು ಶುದ್ಧವಾಗಿತ್ತು ಎಂದರೆ ಸಾಲದು, ಕಣ್ಣೂ ತೆರೆದಿರಬೇಕು. ಕಾಗದದ ಕಾಲದಲ್ಲಿ ವಾರಂಟ್ ಇನ್ನೂ ಊರ್ಜಿತವೇ ಎಂದು ನೋಡಲು ಕಾನ್‌ಸ್ಟೆಬಲ್ ಒಬ್ಬರು ಬಸ್ಸು ಹತ್ತಿ ಕೋರ್ಟಿಗೆ ಹೋಗಬೇಕಿತ್ತು. ಈಗ ವಾರಂಟ್ ಬಂದ ಪರದೆಯಲ್ಲೇ ಅದು ಗೊತ್ತಾಗಬೇಕು. ಗೊತ್ತಾಗದಿದ್ದರೆ ಆ ವ್ಯವಸ್ಥೆಯನ್ನು ನಂಬಿ ಮನುಷ್ಯರನ್ನು ಹಿಡಿಯಲು ಹೊರಟದ್ದೇ ತಪ್ಪು. ತಂತ್ರಜ್ಞಾನ ಬೆಳೆದಷ್ಟೂ ‘ಗೊತ್ತಿರಲಿಲ್ಲ’ ಎನ್ನುವ ನೆಪ ಕುಗ್ಗಬೇಕು. ಇವರು ಅದನ್ನು ಹಿಗ್ಗಿಸಲು ಹೊರಟಿದ್ದಾರೆ.

ಮುಂಬೈಯ ಒಂದು ಪ್ರಕರಣ ನೆನಪಿಸುತ್ತೇನೆ. 2002ರ ಆಗಸ್ಟ್ 15ರಂದು, ಸ್ವಾತಂತ್ರ್ಯೋತ್ಸವದ ದಿನ, ಒಬ್ಬ ವಕೀಲರನ್ನು ಪೊಲೀಸರು ಬಂಧಿಸಿದರು. ಅವರ ಮೇಲಿದ್ದ ಜಾಮೀನುರಹಿತ ವಾರಂಟನ್ನು ಕೋರ್ಟ್ ಅದಕ್ಕೆ ಮೊದಲೇ ರದ್ದು ಮಾಡಿತ್ತು. ಕಾನೂನು ಬಲ್ಲ ವಕೀಲರ ಮಾತೂ ಠಾಣೆಯಲ್ಲಿ ನಡೆಯಲಿಲ್ಲ. ಹೈಕೋರ್ಟ್ ಅಧಿಕಾರಿಯ ಜೇಬಿನಿಂದ ಕೊಡಿಸಿದ ಪರಿಹಾರ ಎರಡು ಸಾವಿರ ರೂಪಾಯಿ. ಪ್ರಕರಣ ಸುಪ್ರೀಂ ಕೋರ್ಟಿನಲ್ಲಿ ಮುಗಿದಾಗ 2011. ಎರಡು ಸಾವಿರ ರೂಪಾಯಿಗೆ ಒಂಬತ್ತು ವರ್ಷ! ಅವರು ವಕೀಲರಾದ್ದರಿಂದ ಹೋರಾಡಿದರು. ಚೆಕ್ ಬೌನ್ಸ್ ಕೇಸಿನಲ್ಲಿ ಒಂದು ವಾಯಿದೆ ತಪ್ಪಿಸಿಕೊಂಡು, ವಾರಂಟ್ ರದ್ದು ಕೋರುವ ರೀಕಾಲ್ ಅರ್ಜಿ ಹಾಕಿಸಿ, ದಂಡ ಕಟ್ಟಿ ನೆಮ್ಮದಿಯಿಂದ ಊರಿಗೆ ಮರಳಿದ ಆಟೊ ಚಾಲಕನನ್ನು ಶುಕ್ರವಾರ ಸಂಜೆ ಮನೆಯಿಂದ ಎತ್ತಿಕೊಂಡು ಹೋದರೆ ಅವನು ಯಾವ ಹೈಕೋರ್ಟಿನ ಮೆಟ್ಟಿಲು ಹತ್ತಬೇಕು?

ಅದೇ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಸೂಚನೆ ಕೊಟ್ಟಿದೆ. ಪ್ರತಿ ವಾರಂಟಿಗೂ ಕ್ರಮಸಂಖ್ಯೆ ಇರಬೇಕು, ರಿಜಿಸ್ಟರಿನಲ್ಲಿ ನಮೂದಾಗಬೇಕು. ರದ್ದಾದರೆ ಅದೂ ದಾಖಲಾಗಬೇಕು, ವಾರಂಟನ್ನು ಜಾರಿ ಮಾಡದೆ ಕೂಡಲೇ ಹಿಂದಿರುಗಿಸುವಂತೆ ಸಂಬಂಧಪಟ್ಟವರಿಗೆ ತಿಳಿಸಬೇಕು, ಆದೇಶದ ಪ್ರತಿಯನ್ನು ಆರೋಪಿಗೂ ಕೊಡಬೇಕು. ಅದನ್ನು ಪಾಲಿಸಿದ ಮೇಲೆ ತಾನೆ ರಕ್ಷಣೆಯ ಮಾತು?

ಇಂಥ ರಕ್ಷಣೆ ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ಅಮೆರಿಕವೇ ಸಾಕ್ಷಿ. 1991ರಲ್ಲಿ ಅರಿಜೋನಾದ ಫೀನಿಕ್ಸಿನಲ್ಲಿ ಒಬ್ಬನನ್ನು ಕಂಪ್ಯೂಟರ್ ತೋರಿಸಿದ ವಾರಂಟ್ ನಂಬಿ ಹಿಡಿದರು; ಆ ವಾರಂಟ್ ರದ್ದಾಗಿ 17 ದಿನ ಕಳೆದಿತ್ತು. ತಪ್ಪು ಕೋರ್ಟಿನ ಗುಮಾಸ್ತರದು, ಪೊಲೀಸರದಲ್ಲ, ಆದ್ದರಿಂದ ಬಂಧನದಲ್ಲಿ ಸಿಕ್ಕ ಸಾಕ್ಷ್ಯ ನಡೆಯುತ್ತದೆ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1995ರಲ್ಲಿ ತೀರ್ಪಿತ್ತಿತು. ಬಾಗಿಲು ಇಷ್ಟೇ ತೆರೆದದ್ದು. 2009ರಲ್ಲಿ ಅಲಬಾಮಾದ ಪ್ರಕರಣ ಬಂತು. ಈ ಬಾರಿ ವಾರಂಟ್ ರದ್ದಾಗಿ ಐದು ತಿಂಗಳಾಗಿತ್ತು, ದಾಖಲೆ ತಿದ್ದದೆ ಬಿಟ್ಟವರು ಪೊಲೀಸ್ ಇಲಾಖೆಯವರೇ. ಆದರೂ ಐದಕ್ಕೆ ನಾಲ್ಕು ಮತಗಳಿಂದ ಅದಕ್ಕೂ ಕ್ಷಮೆ ಸಿಕ್ಕಿತು. ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ಎರಡೂ ಸಲ ಭಿನ್ನಮತ ಬರೆದರು. ಮೊದಲು ಪರರ ತಪ್ಪಿಗೆ ವಿನಾಯಿತಿ, ಆಮೇಲೆ ತಮ್ಮದೇ ತಪ್ಪಿಗೆ ವಿನಾಯಿತಿ. ನಮ್ಮಲ್ಲೂ ಆಗುವುದು ಇದೇ.

ನಿಜವಾಗಿ ನನ್ನ ಹೊಟ್ಟೆ ಉರಿಯುವುದು ಇನ್ನೊಂದು ಕಾರಣಕ್ಕೆ. ಈ ನಾಡಿನಲ್ಲಿ ಯಂತ್ರದ ತಪ್ಪಿಗೆ ದಂಡ ತೆರುವವನು ಯಾವತ್ತೂ ಪ್ರಜೆಯೇ. ಪಹಣಿಯಲ್ಲಿ ಹೆಸರು ತಪ್ಪಾದರೆ ತಾಲ್ಲೂಕು ಕಚೇರಿಗೆ ಅಲೆಯುವವನು ರೈತ. ಬೆರಳಚ್ಚು ಹೊಂದದಿದ್ದರೆ ಅಕ್ಕಿಯಿಲ್ಲದೆ ಹಿಂದಿರುಗುವವಳು ಮುದುಕಿ. ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಮಾತು ಕೇಳದ ಕನ್ನಡಿಗ ಯಾರು? 2021ರಲ್ಲಿ ಜಾಮೀನು ಸಿಕ್ಕ ಕೈದಿಗಳು ಆದೇಶದ ಪ್ರತಿ ತಲುಪಲಿಲ್ಲವೆಂದು ಆಗ್ರಾ ಜೈಲಿನಲ್ಲೇ ಉಳಿದರು. ಬಿಡುಗಡೆ ಆದೇಶಗಳನ್ನು ಎಲೆಕ್ಟ್ರಾನಿಕ್ ಆಗಿ ಕಳಿಸುವ ‘ಫಾಸ್ಟರ್’ ವ್ಯವಸ್ಥೆ ಬಂದದ್ದು ಅದಾದ ಮೇಲೆ, 2022ರಲ್ಲಿ. ಹಿಡಿಯುವ ಆದೇಶಕ್ಕೆ ರೆಕ್ಕೆ, ಬಿಡುವ ಆದೇಶಕ್ಕೆ ಎತ್ತಿನ ಗಾಡಿ.

ಇನ್ನು ‘ಡಿಜಿಟಲ್ ಅರೆಸ್ಟ್’ ಹಾವಳಿ. ಮೊಬೈಲಿನಲ್ಲಿ ಖಾಕಿ ತೋರಿಸಿ ಬೆದರಿಸುವ ಕಳ್ಳರ ಬಗ್ಗೆ ಪ್ರಧಾನಿ 2024ರ ಅಕ್ಟೋಬರಿನಲ್ಲಿ ‘ಮನದ ಮಾತು’ ಕಾರ್ಯಕ್ರಮದಲ್ಲಿ ಎಚ್ಚರಿಸಿದಾಗ ಕೊಟ್ಟ ಉದಾಹರಣೆ ನಮ್ಮ ವಿಜಯಪುರದ್ದು. ಮರುವರ್ಷ ಸುಪ್ರೀಂ ಕೋರ್ಟಿನ ಹೆಸರಿನಲ್ಲೇ ನಕಲಿ ಆದೇಶ ಸೃಷ್ಟಿಸಿ ವೃದ್ಧ ದಂಪತಿಯನ್ನು ದೋಚಿದರು. ಪರದೆಯ ಮೇಲಿನ ಮೊಹರನ್ನು ನಂಬಬೇಡಿ ಎಂದು ಜನರಿಗೆ ಸಾರುವ ಸರ್ಕಾರ, ನಂಬಿದ ಪೊಲೀಸರಿಗೆ ಕ್ಷಮೆ ಕೊಡುವುದು ಯಾವ ನ್ಯಾಯ? ವಿಚಾರಣೆಗೆ ಕರೆಯುವ ನೋಟಿಸನ್ನು ಸಹ ಪೊಲೀಸರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ. ಬರೀ ನೋಟಿಸಿಗೇ ಇಷ್ಟು ಬಿಗಿ ಇರುವಾಗ ಕೈಕೋಳಕ್ಕೆ ಎಷ್ಟು ಇರಬೇಕು?

ನನ್ನ ಬೇಡಿಕೆ ಇಷ್ಟೇ. ಬಂಧಿಸಲು ಹೊರಡುವ ಗಳಿಗೆಯಲ್ಲಿ ವಾರಂಟ್ ಊರ್ಜಿತವಿದೆಯೇ ಎಂದು ಕೋರ್ಟಿನ ದಾಖಲೆಯಲ್ಲಿ ನೋಡಿ, ನೋಡಿದ ಸಮಯವನ್ನು ಠಾಣಾ ಡೈರಿಯಲ್ಲಿ ಬರೆದ ಅಧಿಕಾರಿಗೆ ರಕ್ಷಣೆ ಇರಲಿ. ನೋಡದೆ ಹೋದವರಿಗೆ ಬೇಡ. ಪರಿಹಾರ ಸರ್ಕಾರದ ಖಜಾನೆಯಿಂದ ಬೇಡ, ತಪ್ಪಿತಸ್ಥರ ಸಂಬಳದಿಂದ ಬರಲಿ.

ಓದುಗರಿಗೆ ಒಂದು ಮಾತು. ಬಂಧಿಸಲು ಬಂದವರಿಗೆ ವಾರಂಟ್ ತೋರಿಸಿ ಎಂದು ಕೇಳಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 77ನೇ ಸೆಕ್ಷನ್ ಆ ಹಕ್ಕು ಕೊಟ್ಟಿದೆ. ವಾರಂಟ್ ರೀಕಾಲ್ ಆದ ದಿನವೇ ಆದೇಶದ ಪ್ರತಿ ಪಡೆದು ಜೇಬಿನಲ್ಲಿ ಇಟ್ಟುಕೊಳ್ಳಿ. ಬಿಡುಗಡೆ ಹೊಂದಿದವನು ಜೇಬಿನಲ್ಲಿ ಕಾಗದ ಇಟ್ಟುಕೊಂಡು ಓಡಾಡಬೇಕಾದ ಸ್ಥಿತಿ ಇರುವವರೆಗೆ, ಪೊಲೀಸರಿಗೆ ಹೊಸ ರಕ್ಷಣೆಯ ಮಾತನ್ನು ಯಾವ ಸರ್ಕಾರವೂ ಎತ್ತಬಾರದು.