ಮೊದಲು ಡಿಪಾಸಿಟ್, ಆಮೇಲೆ ಜೀವವೇ?

2025ರ ಮಾರ್ಚ್ ಕೊನೆಯಲ್ಲಿ ಅವಳಿ ಮಕ್ಕಳನ್ನು ಹೊತ್ತ ಗರ್ಭಿಣಿಯೊಬ್ಬರನ್ನು ಪುಣೆಯ ದೀನಾನಾಥ ಮಂಗೇಶಕರ್ ಆಸ್ಪತ್ರೆಗೆ ಕರೆತಂದರು. ಆಸ್ಪತ್ರೆಯವರು 10 ಲಕ್ಷ ರೂಪಾಯಿ ಡಿಪಾಸಿಟ್ ಕೇಳಿದರು ಎಂಬುದು ಮನೆಯವರ ಆರೋಪ. ಆಕೆ ಬೇರೆ ಆಸ್ಪತ್ರೆಯಲ್ಲಿ ಎರಡು ಹೆಣ್ಣುಮಕ್ಕಳನ್ನು ಹೆತ್ತು, ಕೆಲವೇ ದಿನಗಳಲ್ಲಿ ತೀರಿಕೊಂಡರು. ಊರು ಕೆರಳಿತು, ಆಸ್ಪತ್ರೆಯ ಫಲಕಕ್ಕೆ ಮಸಿ ಬಿತ್ತು, ಒಬ್ಬ ವೈದ್ಯರು ರಾಜೀನಾಮೆ ಕೊಟ್ಟರು. ಇನ್ನು ಮುಂದೆ ತುರ್ತು ರೋಗಿಗಳಿಂದ ಡಿಪಾಸಿಟ್ ಪಡೆಯುವುದಿಲ್ಲ ಎಂದು ಆಸ್ಪತ್ರೆ ಪ್ರಕಟಿಸಿತು.

ನನ್ನ ತಕರಾರು ಈ ಪ್ರಕಟಣೆಯ ಬಗ್ಗೆಯೇ. ಇದನ್ನು ದೊಡ್ಡ ಮನಸ್ಸು ಎಂದು ಹೊಗಳಿದವರೂ ಇದ್ದಾರೆ. ಆದರೆ ಜೀವ ಉಳಿಸುವುದು ಸರ್ಕಾರಿ, ಖಾಸಗಿ ಎನ್ನದೆ ಪ್ರತಿಯೊಬ್ಬ ವೈದ್ಯನ ಹೊಣೆ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಬಾಂಬೆ ಹೈಕೋರ್ಟ್ 2006ರಲ್ಲಿ ಜಾರಿಗೆ ತಂದ ಯೋಜನೆಯ ಪ್ರಕಾರ, ಈ ಆಸ್ಪತ್ರೆಯೂ ಸೇರಿದಂತೆ ಮಹಾರಾಷ್ಟ್ರದ ಧರ್ಮಾರ್ಥ ಆಸ್ಪತ್ರೆಗಳು ಶೇ 10ರಷ್ಟು ಹಾಸಿಗೆಗಳನ್ನು ಕಡುಬಡವರಿಗೆ ಉಚಿತವಾಗಿ, ಇನ್ನು ಶೇ 10ರಷ್ಟನ್ನು ದುರ್ಬಲ ವರ್ಗದವರಿಗೆ ರಿಯಾಯಿತಿ ದರದಲ್ಲಿ ಮೀಸಲಿಡಬೇಕು. ತುರ್ತು ಸ್ಥಿತಿಯಲ್ಲಿ ಬಂದವರನ್ನು ಕೂಡಲೇ ದಾಖಲಿಸಿಕೊಂಡು, ಪ್ರಾಣಾಪಾಯ ತಪ್ಪುವವರೆಗೆ ನೋಡಿಕೊಳ್ಳಬೇಕು. ಕಾನೂನಿನ ಕಟ್ಟಳೆಯನ್ನು ಹತ್ತೊಂಬತ್ತು ವರ್ಷಗಳ ನಂತರ ವಾಗ್ದಾನವೆಂಬಂತೆ ಸಾರಿದರೆ ನಾವೇಕೆ ಕೈಮುಗಿಯಬೇಕು?

ಅವಧಿಗೆ ಮೊದಲೇ ಹುಟ್ಟುವ ಮಕ್ಕಳ ಆರೈಕೆಗೆ ಲಕ್ಷಗಟ್ಟಲೆ ಖರ್ಚಾಗುತ್ತದೆ, ಬಿಲ್ ಕಟ್ಟದೆ ಹೋಗುವವರೂ ಇದ್ದಾರೆ ಎಂದು ಆಸ್ಪತ್ರೆಯವರು ಹೇಳುತ್ತಾರೆ. ಸುಳ್ಳಲ್ಲ. ಆದರೆ ಬಡರೋಗಿಗಳ ನಿಧಿಗೆಂದೇ ಒಟ್ಟು ಬಿಲ್ಲಿನ ಶೇ 2ರಷ್ಟನ್ನು ತೆಗೆದಿಡಬೇಕೆಂದು ಅದೇ ಯೋಜನೆ ಹೇಳಿದೆ. ಬಡವರಲ್ಲದವರ ಬಾಕಿ ವಸೂಲಿಗೆ ಬೇರೆ ದಾರಿಗಳಿವೆ. ನೋವು ತಿನ್ನುತ್ತಿರುವ ಹೆಣ್ಣಿನ ಎದುರು ಲೆಕ್ಕ ತೆಗೆಯುವುದು ಆ ದಾರಿಗಳಲ್ಲಿ ಒಂದಲ್ಲ.

ಇನ್ನೊಂದು ಮಾತೂ ಇದೆ. ಇದನ್ನೆಲ್ಲ ಆ ಹೊತ್ತಿನಲ್ಲಿ ಮನೆಯವರಿಗೆ ಹೇಳುವವರು ಯಾರು? ಪುಣೆಯ ಕರ್ವೆ ನಗರದಲ್ಲಿ ನಮ್ಮ ಮನೆಯ ಹತ್ತಿರ ಒಬ್ಬ ಡಾಕ್ಟರ್ ಇದ್ದರು. ಎರಡು ಬೆಂಚಿನ ದವಾಖಾನೆ, ಗೋಡೆಗೆ ಮಸುಕಾದ ಕ್ಯಾಲೆಂಡರ್. ಅಮ್ಮನಿಗೆ ಎದೆನೋವು ಬಂದ ರಾತ್ರಿ ಅವರು ಚೀಟಿ ಬರೆದು ನಾಲ್ಕಾಗಿ ಮಡಚಿ ನನ್ನ ಅಂಗಿಯ ಜೇಬಿಗಿಟ್ಟರು. "ಕೌಂಟರ್‌ಗೆ ಹೋಗಬೇಡಿ, ನೇರ ಕ್ಯಾಜುವಲ್ಟಿಗೆ ಹೋಗಿ, ನಾನು ಫೋನ್ ಮಾಡ್ತೀನಿ" ಅಂದರು. ನಾವು ತಲುಪುವಷ್ಟರಲ್ಲಿ ಸ್ಟ್ರೆಚರ್ ಹೊರಗೆ ಬಂದಿತ್ತು. ಈಗ ಆ ಜಾಗದಲ್ಲಿ ಹಲವು ವೈದ್ಯರು ಸೇರಿ ನಡೆಸುವ ಪಾಲಿಕ್ಲಿನಿಕ್ ಇದೆ. ರಕ್ತಪರೀಕ್ಷೆಯಿಂದ ಎಕ್ಸ್‌ರೇವರೆಗೆ ಎಲ್ಲ ಒಂದೇ ಸೂರಿನಡಿ. ಅದರ ಅನುಕೂಲವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಪ್ರತಿ ಸಲ ಹೊಸ ಮುಖ, ಪ್ರತಿ ಸಲ ಮೊದಲಿನಿಂದ ಕಥೆ ಹೇಳಬೇಕು. ರಾತ್ರಿ ಹನ್ನೊಂದಕ್ಕೆ ನಮ್ಮ ಪರವಾಗಿ ಫೋನ್ ಮಾಡುವವರು ಅಲ್ಲಿ ಯಾರೂ ಇಲ್ಲ.

ಆದ್ದರಿಂದ ಒಬ್ಬ ವೈದ್ಯರ ರಾಜೀನಾಮೆಯೊಂದಿಗೆ ಈ ಪ್ರಕರಣ ಮುಗಿಯಕೂಡದು. ತುರ್ತು ವಿಭಾಗದಲ್ಲಿ ಹಣದ ಮಾತೆತ್ತಿದರೆ ಆಸ್ಪತ್ರೆಯ ಆಡಳಿತಕ್ಕೇ ದಂಡ ಬೀಳಬೇಕು. ಪುಣೆ ಮಹಾನಗರಪಾಲಿಕೆ ತನ್ನ ದವಾಖಾನೆಗಳಿಗೆ ಕಾಯಂ ವೈದ್ಯರನ್ನು ಕೊಡಬೇಕು. ವರ್ಷಕ್ಕೊಬ್ಬರು ಬದಲಾದರೆ ಓಣಿಯ ಜನರ ಗುರುತು ಯಾರಿಗೂ ಸಿಗದು.

ಆ ಆಸ್ಪತ್ರೆ ಇರುವ ಎರಂಡವಣೆಯಲ್ಲೇ ನಮ್ಮ ಕನ್ನಡ ಸಂಘದ ಶಾಲೆಯೂ ಇದೆ. ಅದಕ್ಕಿರುವುದು ಒಬ್ಬ ವೈದ್ಯರ ಹೆಸರು: ಡಾ. ಕಲ್ಮಾಡಿ ಶಾಮರಾವ್. ಸಂಘದ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ. ಕಲಬುರಗಿ, ವಿಜಯಪುರ ಕಡೆಯಿಂದ ಕೂಲಿಗೆ ಬಂದು ಇಲ್ಲಿ ಒಂಟಿಯಾಗಿರುವ ಕುಟುಂಬಗಳಿಗಾಗಿ, ತುರ್ತಿನಲ್ಲಿ ಫೋನ್ ಎತ್ತಲು ಒಪ್ಪುವ ಹತ್ತು ಕನ್ನಡ ವೈದ್ಯರ ಹೆಸರು, ನಂಬರುಗಳನ್ನು ಆ ಶಾಲೆಯ ಗೇಟಿನ ಮೇಲೆ ಬರೆಸಿ.