ಗಬ್ಬರ್ ಉಳಿದ... ನಿಮ್ಮ ಫೋಟೋ ಉಳಿಯುತ್ತಾ?

ರಾಮನಗರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ರಾಮದೇವರ ಬೆಟ್ಟಕ್ಕೆ ದಾರಿ ಕೇಳಿ ನೋಡಿ. "ಶೋಲೆ ಬೆಟ್ಟಾನಾ?" ಅಂತ ತಿರುಗಿ ನಿಮ್ಮನ್ನೇ ಕೇಳುತ್ತಾರೆ! ಗಬ್ಬರ್ ಸಿಂಗ್ ಅಲ್ಲಿಂದ ಡೇರೆ ಕಿತ್ತು 50 ವರ್ಷವಾಯಿತು. ಆದರೂ ಭಾನುವಾರ ಬಂತೆಂದರೆ ಹುಡುಗರು ಬೈಕ್ ಹತ್ತಿ ಬರುತ್ತಾರೆ. ಬಂಡೆ ಮುಂದೆ ಅಮಿತಾಬ್ ತರಹ ಒಂದು ಪೋಸು, ಧರ್ಮೇಂದ್ರ ತರಹ ಒಂದು ಪೋಸು, ಗುಂಪಿನಲ್ಲಿ ದಪ್ಪಗಿರುವವನು ಗಬ್ಬರ್! ಮೊಬೈಲಿನಲ್ಲಿ ಫಟಾಫಟ್ ನೂರು ಫೋಟೋ. ಖರ್ಚು? ಸೊನ್ನೆ!

ಅದೇ ಊರಿನಲ್ಲಿ, ಅದೇ ಪಿಕ್ಚರಿನ ಒಂದು ಪುಟ್ಟ ದೃಶ್ಯಕ್ಕೆ 20 ದಿನ ಹಿಡಿಯಿತು ಅಂದರೆ ನಂಬುತ್ತೀರಾ ಗುರುವೇ?

ದೀಪ ಆರಿಸಲು 20 ದಿನ

ನೆನಪು ಮಾಡಿಕೊಳ್ಳಿ. ಅಮಿತಾಬ್ ಹೊರಗೆ ಕೂತು ಮೌತ್ ಆರ್ಗನ್ ನುಡಿಸುತ್ತಾನೆ. ಎದುರು ಮನೆಯಲ್ಲಿ ಜಯಾ ಬಾದುರಿ ಒಂದೊಂದೇ ದೀಪ ಆರಿಸುತ್ತಾಳೆ. ಮಾತಿಲ್ಲ, ಕತೆಯಿಲ್ಲ. ಛಾಯಾಗ್ರಾಹಕ ದ್ವಾರಕಾ ದಿವೇಚಾಗೆ ಬೇಕಿದ್ದದ್ದು ಸೂರ್ಯ ಮುಳುಗಿದ ಮೇಲೆ, ಕತ್ತಲಾಗುವ ಮುಂಚೆ ಬರುವ ಬೆಳಕು. ಅದು ದಿನಕ್ಕೆ ಕೆಲವೇ ನಿಮಿಷ ಸಿಗುತ್ತೆ. ಒಂದು ಶಾಟ್ ಕೆಟ್ಟರೆ ಮತ್ತೆ ನಾಳೆ ಸಂಜೆಯೇ! 1973ರ ಅಕ್ಟೋಬರಿನಲ್ಲಿ ಇಲ್ಲಿ ಶೂಟಿಂಗ್ ಶುರುಮಾಡಿದ ನಿರ್ದೇಶಕ ರಮೇಶ್ ಸಿಪ್ಪಿ ಆ ಬೆಳಕಿಗಾಗಿ ಕಾದರು.

ಈಗಿನ ಹಾಗೆ ಪಕ್ಕದಲ್ಲಿ ಮಾನಿಟರ್ ಇಟ್ಟುಕೊಂಡು "ಆಹಾ, ಚೆನ್ನಾಗಿ ಬಂತು" ಅನ್ನುವ ಭಾಗ್ಯ ಆಗ ಇರಲಿಲ್ಲ ಸ್ವಾಮಿ. ಫಿಲ್ಮು ಲ್ಯಾಬಿಗೆ ಹೋಗಿ, ತೊಳೆದು, ಪ್ರಿಂಟಾಗಿ ಬಂದ ಮೇಲೆಯೇ ಗೊತ್ತಾಗೋದು. ಲೆಕ್ಕ ಕೇಳಿ: ಒಂದು ಸೆಕೆಂಡಿಗೆ 24 ಫ್ರೇಮು. ಒಂದು ನಿಮಿಷಕ್ಕೆ 90 ಅಡಿ ಫಿಲ್ಮು. ಸಾವಿರ ಅಡಿಯ ಡಬ್ಬ 11 ನಿಮಿಷಕ್ಕೆ ಖಾಲಿ! ಕ್ಯಾಮೆರಾ ಓಡುತ್ತಿದ್ದರೆ ನಿರ್ಮಾಪಕರ ಎದೆಯಲ್ಲಿ ಮೀಟರ್ ಓಡುತ್ತಿತ್ತು.

ನಮ್ಮ ನಿಮ್ಮಂಥವರ ಫೋಟೋ ಕತೆಯೂ ಅದೇ. ಆಗ್ಫಾ ಕ್ಲಿಕ್ ಥ್ರೀ ಕ್ಯಾಮೆರಾದ ರೋಲಿಗೆ ಬರೀ 12 ಫೋಟೋ. 35 ಎಂ.ಎಂ. ರೋಲಿಗೆ 36. ಕನಕಪುರದ ಸಂಗಮಕ್ಕೆ ಟೂರ್ ಹೋದ ಇಡೀ ಗುಂಪಿಗೆ ಒಂದು ರೋಲು! ತಲೆ ಬಾಚಿ, ಕಾಲರ್ ಸರಿಮಾಡಿ, ಉಸಿರು ಬಿಗಿಹಿಡಿದು ನಿಂತರೆ ಒಂದು ಕ್ಲಿಕ್. ಕಣ್ಣು ಮುಚ್ಚಿದ್ದರೆ ಅವನ ಹಣೆಬರಹ. ಆಮೇಲೆ ಸ್ಟುಡಿಯೋದವರ ಮಾತು ಗೊತ್ತಲ್ಲ... "ವಾರ ಬಿಟ್ಟು ಬನ್ನಿ!" ಒಳಗೆ ಡಾರ್ಕ್‌ರೂಮಿನ ಕೆಂಪು ದೀಪದಲ್ಲಿ, ಹೈಪೋ ವಾಸನೆಯಲ್ಲಿ ನಿಮ್ಮ ಮುಖ ನಿಧಾನವಾಗಿ ಕಾಗದದ ಮೇಲೆ ಮೂಡುತ್ತಿತ್ತು.

ಅದೇ ವರ್ಷ ಅಮೆರಿಕದಲ್ಲಿ

ಈಗ ತಮಾಷೆ ಕೇಳಿ. ಶೋಲೆ ಬಿಡುಗಡೆಯಾದದ್ದು 1975ರ ಆಗಸ್ಟ್ 15. ಅದೇ ವರ್ಷ ಡಿಸೆಂಬರಿನಲ್ಲಿ ಅಮೆರಿಕದ ರೋಚೆಸ್ಟರ್ ಊರಿನ ಕೊಡಾಕ್ ಕಂಪನಿಯಲ್ಲಿ ಸ್ಟೀವನ್ ಸ್ಯಾಸನ್ ಎಂಬ 25ರ ಹರೆಯದ ಇಂಜಿನಿಯರ್ ಫಿಲ್ಮೇ ಇಲ್ಲದ ಕ್ಯಾಮೆರಾ ಮಾಡಿದ! ತೂಕ ಮೂರೂವರೆ ಕೆಜಿ ಮೇಲೆ. ಒಂದು ಕಪ್ಪು-ಬಿಳುಪು ಚಿತ್ರವನ್ನು ಕ್ಯಾಸೆಟ್ ಟೇಪಿಗೆ ಇಳಿಸಲು 23 ಸೆಕೆಂಡು. ಚಿತ್ರದಲ್ಲಿ ಇದ್ದದ್ದು 10 ಸಾವಿರ ಚುಕ್ಕಿ. ನಿಮ್ಮ ಜೇಬಿನಲ್ಲಿರುವ 50 ಮೆಗಾಪಿಕ್ಸೆಲ್ ಮೊಬೈಲಿನಲ್ಲಿ 5 ಕೋಟಿ!

ಫಿಲ್ಮು ಮಾರಿಯೇ ಬದುಕುತ್ತಿದ್ದ ಕಂಪನಿಗೆ ಫಿಲ್ಮು ಬೇಡದ ಕ್ಯಾಮೆರಾ ರುಚಿಸುತ್ತಾ? ಮೂಲೆಗಿಟ್ಟರು. ಮೂಲೆಗಿಟ್ಟ ಕೂಸೇ ಬೆಳೆದು ಮನೆ ನುಂಗಿತು. 2011ರ ಹೊತ್ತಿಗೆ ಆರಿಫ್ಲೆಕ್ಸ್ ತಯಾರಿಸುವ ಆರಿ ಕಂಪನಿಯೇ ಹೊಸ ಫಿಲ್ಮ್ ಕ್ಯಾಮೆರಾ ಮಾಡೋದು ನಿಲ್ಲಿಸಿತ್ತು. 2012ರ ಜನವರಿಯಲ್ಲಿ ಕೊಡಾಕ್ ದಿವಾಳಿ ಅರ್ಜಿ ಹಾಕಿತು. 2013ರಲ್ಲಿ ಫ್ಯೂಜಿ ಸಿನಿಮಾ ನೆಗೆಟಿವ್ ತಯಾರಿಕೆಗೆ ಮಂಗಳ ಹಾಡಿತು. ಬಸ್ಸಿನಲ್ಲಿ ಬಂದಿಳಿಯುತ್ತಿದ್ದ ರೀಲಿನ ಡಬ್ಬಗಳೂ ಮಾಯವಾದವು.

ಅಯ್ಯೋ ಅನ್ನಬೇಡಿ. ಡಿಜಿಟಲ್ ಬಂದದ್ದು ಒಳ್ಳೆಯದೇ. ಚನ್ನಪಟ್ಟಣದ ಗೊಂಬೆಯನ್ನು ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಕಲರ್ ಫಿಲ್ಮಿಗೆ ಹಿಡಿದರೆ ಎಲ್ಲಕ್ಕೂ ಹಸಿರು ಬಡಿದುಕೊಳ್ಳುತ್ತಿತ್ತು. ಈಗ ಒಂದು ಬಟನ್ ಒತ್ತಿದರೆ ಅರಗಿನ ಕೆಂಪು ಕೆಂಪಾಗಿಯೇ ಬರುತ್ತೆ. ಸಾವನದುರ್ಗದ ಬಂಡೆಗಳನ್ನು ಫಿಲ್ಮಿಗೆ ಹಿಡಿಯಲು ಡೇವಿಡ್ ಲೀನ್ ದೊಡ್ಡ ಯೂನಿಟ್ಟನ್ನೇ ಮಾಗಡಿ ಸೀಮೆಗೆ ತಂದಿದ್ದರು. 1984ರಲ್ಲಿ ತೆರೆಕಂಡ 'ಎ ಪ್ಯಾಸೇಜ್ ಟು ಇಂಡಿಯಾ' ಚಿತ್ರಕ್ಕೆ. ಇವತ್ತು ಮಾಗಡಿಯ ಹುಡುಗನೊಬ್ಬ ಅದೇ ಬಂಡೆ ಮುಂದೆ ಮೊಬೈಲಿನಲ್ಲೇ ಕಿರುಚಿತ್ರ ತೆಗೆಯಬಹುದು. ದೊಡ್ಡ ಯೂನಿಟ್ಟೂ ಬೇಡ, ಡಬ್ಬದ ಲೆಕ್ಕವೂ ಬೇಡ. ಅದು ಸಣ್ಣ ಮಾತಾ?

ಹುಳಿ ಹಿಡಿದ ಶೋಲೆ

ಹಾಗಾದರೆ ತೊಂದರೆ ಏನು? ತೊಂದರೆ ತೆಗೆಯೋದರಲ್ಲಿಲ್ಲ, ಉಳಿಸೋದರಲ್ಲಿದೆ.

ಫಿಲ್ಮು ಅಮರ ಅಂದುಕೊಳ್ಳಬೇಡಿ. ಸೆಕೆ, ತೇವ ತಗುಲಿದರೆ ಹಳೇ ಫಿಲ್ಮು ವಿನೆಗರಿನಂತೆ ಹುಳಿ ವಾಸನೆ ಹೊಡೆದು, ಸುರುಟಿ ಹಾಳಾಗುತ್ತೆ. ಶೋಲೆಯ ಮೂಲ ನೆಗೆಟಿವ್‌ಗೂ ಅದೇ ಗತಿ! ಬೆಂಗಳೂರಿಂದ ಬೊಂಬಾಯಿವರೆಗೆ ಜನ ಮುಗಿಬಿದ್ದು ನೋಡಿದ ಚಿತ್ರದ 70 ಎಂ.ಎಂ. ಪ್ರಿಂಟು ಒಂದೂ ಉಳಿದಿರಲಿಲ್ಲ. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಸಿಪ್ಪಿ ಫಿಲ್ಮ್ಸ್‌ನವರು ಹುಡುಕಿದಾಗ ಇಂಗ್ಲೆಂಡಿನ ಗೋದಾಮಿನಲ್ಲಿ ಬೇರೆ ಪ್ರತಿಗಳು ಸಿಕ್ಕವು. ಅವನ್ನು ಡಿಜಿಟಲ್ ಯಂತ್ರದಲ್ಲಿ ಸ್ಕ್ಯಾನ್ ಮಾಡಿ, ಗೀರು-ಕಲೆ ತೆಗೆದು, ಠಾಕೂರನೇ ಗಬ್ಬರನನ್ನು ಕೊಲ್ಲುವ ಮೂಲ ಕ್ಲೈಮ್ಯಾಕ್ಸನ್ನೂ ಸೇರಿಸಿ, 2025ರ ಜೂನ್ 27ರಂದು ಇಟಲಿಯ ಬೊಲೋನ್ಯಾದಲ್ಲಿ ತೋರಿಸಿದರು. ಸೆನ್ಸಾರ್‌ನಿಂದ ಅರ್ಧ ಶತಮಾನ ಬಚಾವಾಗಿದ್ದ ಗಬ್ಬರ್ ಕೊನೆಗೂ ಸತ್ತ... ಸತ್ತು ಉಳಿದ!

ಎಲ್ಲ ಚಿತ್ರಕ್ಕೂ ಆ ಅದೃಷ್ಟ ಇಲ್ಲ. ನಮ್ಮ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರದು. ಅದರ ಪ್ರಿಂಟು ಇವತ್ತು ಎಲ್ಲೂ ಇಲ್ಲ ಕಣ್ರೀ! ಕಪ್ಪು-ಬಿಳುಪು ಫಿಲ್ಮಿನಲ್ಲಿ ಬೆಳ್ಳಿ ಇರುತ್ತೆ. ಆ ಬೆಳ್ಳಿಯ ಆಸೆಗೆ ನಮ್ಮ ದೇಶದ ಎಷ್ಟೋ ಹಳೇ ಪಿಕ್ಚರುಗಳು ಕರಗಿಹೋದವು.

ನಮ್ಮ ನಾಲ್ಕೂ ಊರಿನ ಹಳೇ ಸ್ಟುಡಿಯೋಗಳ ಅಟ್ಟದ ಕತೆ ಏನಾಗಬೇಕು ಹೇಳಿ? ಅಲ್ಲಿರೋದು ಬರೀ ಮದುವೆ ಫೋಟೋ ಅಲ್ಲ. ಗೂಡಿನ ಮಾರ್ಕೆಟ್ಟು, ಕರಗ, ಜಾತ್ರೆ, ಟಾಕೀಸಿನ ಮುಂದೆ ಅಭಿಮಾನಿಗಳು ಕಟ್ಟಿದ ಕಟೌಟು... ಯಾವ ಡಬ್ಬದಲ್ಲಿ ಏನಿದೆಯೋ! ಕಡೆಗೆ ಗುಜರಿಗೆ ಹೋದರೆ ಒಂದು ಊರಿನ ಮುಖವೇ ಹೋದ ಹಾಗೆ.

ನಿಮ್ಮ ಮೊಬೈಲಿನ ಗತಿಯೂ ಅಷ್ಟೇ. ಸಂಗಮದಲ್ಲಿ ನೀರಿಗೆ ಬಿದ್ದರೆ ಒಂದೇ ಏಟಿಗೆ 5 ಸಾವಿರ ಫೋಟೋ ಗೋವಿಂದ! ಅಜ್ಜನ ಟ್ರಂಕಿನಲ್ಲಿ ಒಂದೇ ಒಂದು ಫೋಟೋ ಇದೆ, ಆದರೆ ಇದೆ. ನಿಮ್ಮ ಹತ್ತಿರ 5 ಸಾವಿರ ಇವೆ... ಇನ್ನು 30 ವರ್ಷಕ್ಕೆ ಒಂದಾದರೂ ಇರುತ್ತಾ?

ಅದಕ್ಕೇ ಈ ವಾರ ಮೂರು ಕೆಲಸ ಮಾಡಿ. ಒಂದು, ಒಳ್ಳೆಯ ಹತ್ತು ಫೋಟೋ ಆರಿಸಿ ಪ್ರಿಂಟ್ ಹಾಕಿಸಿ, ಹಿಂದೆ ಪೆನ್ಸಿಲಿನಲ್ಲಿ ಹೆಸರು, ಊರು, ತಾರೀಖು ಬರೆಯಿರಿ. ಎರಡು, ಉಳಿದದ್ದನ್ನು ಮೊಬೈಲ್ ಬಿಟ್ಟು ಇನ್ನೆರಡು ಕಡೆ ಕಾಪಿ ಮಾಡಿಡಿ. ಶೋಲೆಯನ್ನು ಉಳಿಸಿದ್ದು ಇನ್ನೊಂದು ಕಡೆ ಇದ್ದ ಕಾಪಿಯೇ, ನೆನಪಿರಲಿ. ಮೂರು, ನಿಮ್ಮೂರಿನ ಹಳೇ ಸ್ಟುಡಿಯೋಗೆ ಹೋಗಿ, "ಅಣ್ಣಾ, ನೆಗೆಟಿವ್ ಎಸೀಬೇಡಿ, ನಾವು ಕಾಪಿ ಮಾಡ್ಕೊಡ್ತೀವಿ" ಅನ್ನಿ. ಲೈಟಿನ ಮುಂದೆ ಬಿಳಿ ಹಾಳೆ ಹಿಡಿದು, ಅದರ ಮುಂದೆ ನೆಗೆಟಿವ್ ಇಟ್ಟು, ಮೊಬೈಲಿನಲ್ಲಿ ಹತ್ತಿರದಿಂದ ತೆಗೆದು, ಬಣ್ಣ ತಿರುಗಿಸಿದರೆ ಸಾಕು. ಅಂಗಡಿಯವರ ಅಪ್ಪಣೆಯಿಲ್ಲದೆ ಯಾರ ಮನೆ ಫೋಟೋವನ್ನೂ ಊರೆಲ್ಲ ಹಂಚಬೇಡಿ ಮತ್ತೆ!

ಯಾರಿಗೆ ಗೊತ್ತು, ಯಾವುದೋ ಡಬ್ಬದಲ್ಲಿ 1974ರ ರಾಮನಗರ ಇದ್ದರೂ ಇರಬಹುದು. ಶೂಟಿಂಗ್ ನೋಡಲು ಬಂದ ಗುಂಪು, ಗುಂಪಿನ ಹಿಂದುಗಡೆ ಸೈಕಲ್ ಹಿಡಿದು ನಿಂತ ನಿಮ್ಮಜ್ಜ! ಸಿಕ್ಕರೆ ಒಂದು ಪ್ರಿಂಟು ಹಾಕಿಸಿ ಮನೆ ಗೋಡೆಗೆ ತೂಗುಹಾಕಿ. ಮುಂದಿನ ವಾರ ಸಿಗೋಣ, ಬರ್ಲಾ?